ಬೀರುವಿನ ಕೆಳಗಿನ ದೇಶ

ಶಾಲೆಯ ಚಾವಣಿ ಬಿರುಕು ಬಿಟ್ಟಿದ್ದು ನನ್ನ ತಪ್ಪಲ್ಲ. ಆದರೂ ಅದರ ಶಿಕ್ಷೆ ಬಿದ್ದದ್ದು ನನಗೆ. ರಿಪೇರಿ ಮುಗಿಯುವವರೆಗೆ ಮಕ್ಕಳು ಮನೆಯಲ್ಲೇ ಓದಿಕೊಳ್ಳಲಿ, ವರ್ಷದ ಕೊನೆಗೆ ಪರೀಕ್ಷೆಗೆ ಬಂದರೆ ಸಾಕು ಎಂದು ಹೇಳಿ ಶಾಲೆಯವರು ಕೈ ತೊಳೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಕಾಯಿಲೆ ಕಟ್ಟಡದ್ದು, ಬರೆ ಪರದೆ ಹೊಲಿದು ಬದುಕುವ ನನಗೆ.

ಮನೆಯಲ್ಲಿರುವುದು ನನ್ನ ತಂಗಿಯ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೆರಡು. ತೆರೆದ ಬಾಯಿ ಮುಚ್ಚುವ ಅಭ್ಯಾಸವಿಲ್ಲದ್ದರಿಂದ ಅವಳು ಪಟಪಟಿ. ಚಿಕ್ಕವಳಿಗೆ ಹತ್ತು. ಅವಳು ಗುಮ್ಮನಗುಸುಕಿ, ಎಲ್ಲವನ್ನೂ ನೋಡುತ್ತಾಳೆ, ಏನನ್ನೂ ಹೇಳುವುದಿಲ್ಲ. ಹಾಗಾಗಿ ಗುಮ್ಮಿ. ಗುಮ್ಮಿ ತೊಟ್ಟಿಲಲ್ಲಿದ್ದಾಗಲೇ ಅವರಪ್ಪ ತೀರಿಕೊಂಡ. ನನ್ನ ತಂಗಿ ಒಂದು ಸರಕು ಹಡಗಿನಲ್ಲಿ ಅಡುಗೆಯವಳು. ವರ್ಷದ ಕರಾರು ಮುಗಿದ ಮೇಲೆ ಮನೆಗೆ ಬರಬೇಕು. ಕಳೆದ ಸಲ ಬರಲಿಲ್ಲ, ಹಡಗಿನಲ್ಲೇ ಕೂತು ಇನ್ನೊಂದು ವರ್ಷಕ್ಕೆ ಸಹಿ ಹಾಕಿಬಿಟ್ಟಳು. ಈ ಸಲವೂ ಹಾಗೇ ಮಾಡಿದರೆ ಗುಮ್ಮಿಯ ಪಾಲಿಗೆ ಅಮ್ಮನೆಂದರೆ ಫೋನಿನೊಳಗಿನ ದನಿ ಮಾತ್ರ ಆಗಿಬಿಡುತ್ತಾಳೆ ಎಂಬ ಚಿಂತೆ ನನಗೆ ಸದಾ ಇತ್ತು.

ಲೆಕ್ಕ ಕಲಿಸುವುದಕ್ಕೆ ನನಗೇನೂ ಭಯವಿರಲಿಲ್ಲ. ಯಾವ ಕಿಟಕಿಗೆ ಎಷ್ಟು ಬಟ್ಟೆ ಬೇಕು, ನೆರಿಗೆಗೆ ಎಷ್ಟು ಬಿಡಬೇಕು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ನನ್ನನ್ನು ಹೆದರಿಸಿದ್ದು ಭೂಗೋಳ. ನಾವು ಓದುವಾಗ ಭೂಗೋಳವೆಂದರೆ ರಾಜಧಾನಿಗಳ ಹೆಸರನ್ನು ಉರು ಹೊಡೆಯುವುದು, ತಪ್ಪಿದರೆ ಬೆಂಚಿನ ಮೇಲೆ ನಿಲ್ಲುವುದು. ನಾನು ಬೆಂಚಿನ ಮೇಲೆ ನಿಂತು ಕಿಟಕಿ ನೋಡಿದ್ದೇ ಹೆಚ್ಚು. ಪರದೆಯ ಕಸುಬಿಗೆ ಬಂದದ್ದು ಬಹುಶಃ ಹಾಗೇ.

ಮೊದಲ ದಿನ ಅಟ್ಲಾಸ್ ತೆರೆದು ಮೂವರೂ ತಲೆಗೆ ತಲೆ ತಾಗಿಸಿ ಕೂತೆವು.

"ದೊಡ್ಡಮ್ಮ, ಪ್ರಪಂಚ ಇಷ್ಟೇ ಇಷ್ಟಿದ್ರೆ ಅಮ್ಮನ ಹಡಗು ತಿರುಗೋದಾದ್ರೂ ಹೇಗೆ?" ಎಂದಳು ಪಟಪಟಿ.

ಮಾತು ಸರಿಯಾಗಿಯೇ ಇತ್ತು. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ಈ ಕೋಶದಲ್ಲಿ ಬೆರಳಿಡಲೂ ಜಾಗವಿಲ್ಲದಿದ್ದರೆ ಮಕ್ಕಳು ಸುತ್ತುವುದು ಎಲ್ಲಿ? ನಾನು ಅಟ್ಲಾಸಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಎಳೆದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಾಲಿನ ನೆಲದ ಮೇಲೂ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದೆ. ಹಾಳೆಯ ಚೌಕದಲ್ಲಿ ಇದ್ದದ್ದು ನೆಲದ ಚೌಕಕ್ಕೆ. ಚಿಕ್ಕ ನಮೂನೆಯಿಂದ ದೊಡ್ಡ ಬಟ್ಟೆ ಕತ್ತರಿಸುವುದು ನನಗೇನು ಹೊಸದೇ.

ಯಾರೋ ಹೇಳಿ ಹೊಲಿಸಿ ಒಯ್ಯದೇ ಬಿಟ್ಟ ತಿಳಿನೀಲಿ ಅಸ್ತರು ಬಟ್ಟೆ ಸಮುದ್ರವಾಯಿತು. ಯಾವುದೋ ಹೋಟೆಲಿನ ಪರದೆಯಿಂದ ಉಳಿದ ಹಳದಿ ದಪ್ಪ ಬಟ್ಟೆ ಆಫ್ರಿಕಾ, ಅದರ ಒರಟಾದ ಹಿಂಬದಿ ಸಹಾರಾ. ಹಸಿರು ಪಟ್ಟೆಯ ಬಟ್ಟೆಯ ಒಂದು ಅಂಚಿಗೆ ಉದ್ದಕ್ಕೂ ನೆರಿಗೆ ಹಿಡಿದು ಹೊಲಿದೆ, ಆಂಡಿಸ್ ಪರ್ವತ ಎದ್ದು ನಿಂತಿತು. ಬಚ್ಚಲಮನೆಯ ಹಳೆಯ ಪ್ಲಾಸ್ಟಿಕ್ ಪರದೆ ಆಸ್ಟ್ರೇಲಿಯಾ ಆಯಿತು. ಎದುರುಗೋಡೆಯ ಉದ್ದಕ್ಕೂ ಬಿಳಿ ಬಲೆಬಟ್ಟೆ ಹಾಸಿ ಅಂಟಾರ್ಕ್ಟಿಕಾ ಅಂದೆ. ನದಿಗಳನ್ನು ಗುಮ್ಮಿ ನೀಲಿ ದಾರದಲ್ಲಿ ಹೊಲಿದಳು. ನೈಲ್ ನದಿ ಮೇಲಕ್ಕೆ ಹರಿಯುತ್ತದಲ್ಲ ಎಂದು ಪಟಪಟಿ ಜಗಳಕ್ಕೆ ಬಂದಳು. ಅದು ಮೇಲೆ ಅಲ್ಲವೇ, ಉತ್ತರ, ನೀರಿಗೆ ಇಳಿಜಾರು ಗೊತ್ತೇ ಹೊರತು ನಿನ್ನ ಅಟ್ಲಾಸಿನ ಮೇಲೆ ಕೆಳಗೆ ಗೊತ್ತಿಲ್ಲ ಅಂದೆ. ನಿಜದಲ್ಲಿ ಅಷ್ಟು ದೊಡ್ಡದಲ್ಲದ ಗ್ರೀನ್‌ಲ್ಯಾಂಡ್ ಇಷ್ಟೊಂದು ಬಟ್ಟೆ ತಿಂದದ್ದು ಯಾಕೆಂದು ತೋರಿಸಲು ಒಂದು ದುಂಡು ದಿಂಬಿನ ಗವಸು ಬಿಚ್ಚಿ ನೆಲದ ಮೇಲೆ ಎಳೆದು ಚಪ್ಪಟೆ ಮಾಡಿದೆವು. ದುಂಡಗಿದ್ದುದನ್ನು ಚಪ್ಪಟೆ ಮಾಡಲು ಹೊರಟರೆ ಅಂಚುಗಳು ಹಿಗ್ಗಲೇಬೇಕು.

ಒಂದು ಕಡೆ ಮಾತ್ರ ಬೀರು ಅಡ್ಡ ಬಂತು. ನಮ್ಮಜ್ಜಿಯ ಕಾಲದ ಮರದ ಬೀರು ಅದು, ಕುಳ್ಳ ಕಾಲಿನದು. ಅದನ್ನು ಸರಿಸಿದವರನ್ನು ನಾನಂತೂ ನೋಡಿಲ್ಲ. ಬಟ್ಟೆ ಉದ್ದವಾದರೆ ಮಡಚು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಒಂದು ಖಂಡದ ತುದಿಯನ್ನು ಒಳಕ್ಕೆ ಮಡಚಿ, ಅಂಚು ಹೊಲಿದು, ಬೀರುವಿಗೆ ತಾಗಿಸಿ ಒತ್ತಿದೆ. ಮಡಿಕೆಯೊಳಗೆ ಯಾವ ದೇಶ ಹೋಯಿತು ಎಂದು ನೋಡಲಿಲ್ಲ. ಅಂಚು ನೇರವಾಗಿ ಬಂತಲ್ಲ, ಅಷ್ಟೇ ಸಮಾಧಾನ.

ಆಮೇಲಿನ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣಿಗೆ ಜೋಂಪು ಹತ್ತುತ್ತದೆ. ನಮ್ಮ ಕಿಟಕಿಗಳಿಗೆ ಗಿರಾಕಿಗಳಿಗೆ ತೋರಿಸುವ ಬೇರೆ ಬೇರೆ ಬಣ್ಣದ ಪರದೆಗಳಿವೆ. ಬಿಸಿಲು ಅವುಗಳ ಮೂಲಕ ಇಳಿದು ಸಮುದ್ರಕ್ಕೆ ಬಣ್ಣ ಹಚ್ಚುತ್ತಿತ್ತು. ಬೆಳಿಗ್ಗೆ ಶಾಂತಸಾಗರ ಕಿತ್ತಳೆ, ಹೊತ್ತು ಏರಿದಂತೆ ಅಟ್ಲಾಂಟಿಕ್ ನೇರಳೆ. ಗಾಳಿ ಬಂದರೆ ಬಟ್ಟೆ ಉಬ್ಬಿ ಇಳಿಯುತ್ತಿತ್ತು, ಮಲಗಿದ ಪ್ರಾಣಿಯ ಹೊಟ್ಟೆಯ ಹಾಗೆ. ಮಕ್ಕಳು ಬರಿಗಾಲಲ್ಲಿ ಖಂಡದಿಂದ ಖಂಡಕ್ಕೆ ನಡೆಯುತ್ತಿದ್ದರು. ಸಮುದ್ರದ ಮೇಲೆ ಚಪ್ಪಲಿ ಹಾಕುವಂತಿಲ್ಲ ಎಂಬುದು ಗುಮ್ಮಿ ಮಾಡಿದ ಕಾನೂನು. ನನ್ನ ಹೊಲಿಗೆ ಯಂತ್ರ ಇದ್ದದ್ದು ಆಫ್ರಿಕಾದ ಕೆಳತುದಿಯ ಪಕ್ಕ. ಹಡಗಿನ ಎಂಜಿನ್ನೂ ಹೀಗೇ ಸದ್ದು ಮಾಡುತ್ತದೆ ಎಂದು ತಂಗಿ ಒಮ್ಮೆ ಹೇಳಿದ್ದಳಂತೆ. ಅಂದಿನಿಂದ ಇಬ್ಬರೂ ಎಲ್ಲಿಗೆ ಹೊರಟರೂ ನಾನು ಪೆಡಲ್ ತುಳಿಯಬೇಕು. ತುಳಿಯುತ್ತಾ ತುಳಿಯುತ್ತಾ ನನಗೇ ಒಮ್ಮೊಮ್ಮೆ ಇಡೀ ಮನೆ ಕಟ್ಟು ಬಿಚ್ಚಿಕೊಂಡು ಮೆಲ್ಲಗೆ ಬೀದಿಯಿಂದ ಆಚೆ ತೇಲುತ್ತಿದೆ ಅನ್ನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ತಂಗಿಯ ಫೋನು. ಪಟಪಟಿ ವಾರದ ವರದಿಯನ್ನೆಲ್ಲ ಒಪ್ಪಿಸಿದ ಮೇಲೆ ಗುಮ್ಮಿಯ ಸರದಿ. ಅವಳದು ಒಂದೇ ಮಾತು. "ಅಮ್ಮ, ಈಗ ಎಲ್ಲಿದೀಯ?" ತಂಗಿ ಹೇಳಿದ ಜಾಗವನ್ನು ಅಟ್ಲಾಸಿನಲ್ಲಿ ಹುಡುಕಿ, ಚೌಕ ಎಣಿಸಿ, ನೆಲದ ಮೇಲೆ ಅಲ್ಲಿಗೆ ನನ್ನ ಅಂಗುಸ್ತಾನವನ್ನು ಇಡುತ್ತಿದ್ದಳು. ಸೂಜಿ ಚುಚ್ಚದಿರಲಿ ಎಂದು ನಾವು ಬೆರಳಿಗೆ ತೊಡುವ ಲೋಹದ ಟೋಪಿ ಅದು. ಮೊದಲ ಭಾನುವಾರವೇ ನನ್ನ ಬೆರಳಿನಿಂದ ಕಳಚಿಕೊಂಡು ಹೋಗಿದ್ದಳು. ಅದೇ ಅಮ್ಮನ ಹಡಗು. ಇನ್ನೊಂದನ್ನು ಕೊಳ್ಳಬಹುದಿತ್ತು, ಆದರೆ ಅಭ್ಯಾಸವಾದ ಅಂಗುಸ್ತಾನ ಬಿಟ್ಟು ಬೇರೆಯದು ನನ್ನ ಬೆರಳಿಗೆ ಒಗ್ಗುವುದಿಲ್ಲ. ಬರಿ ಬೆರಳಲ್ಲೇ ಹೊಲಿದು ಚುಚ್ಚಿಸಿಕೊಳ್ಳುತ್ತಿದ್ದೆ.

ನಮ್ಮ ಹಾಲಿನ ನೆಲ ಬೀರುವಿನ ಕಡೆಗೆ ಇಳಿಜಾರು. ಕೈ ತಪ್ಪಿದ ಗುಂಡಿ, ಕೊಕ್ಕೆ, ದಾರದ ಉರುಳೆ ಏನೇ ಇರಲಿ ಉರುಳಿಕೊಂಡು ಹೋಗಿ ಅದರ ಕೆಳಗೆ ಸೇರುತ್ತದೆ. ಕೈಯೂ ಪೊರಕೆಯೂ ಒಳಗೆ ತೂರದಂಥ ಸಂದು. "ಬೀರು ಕೆಳಗೆ ಹೋದದ್ದು ಹೋಯ್ತು, ಅದರ ಆಸೆ ಬಿಡಿ" ಎಂದು ನಾನು ದಿನಕ್ಕೊಂದು ಸಲವಾದರೂ ಗೊಣಗುತ್ತೇನೆ. ಗುಮ್ಮಿಯ ಪುಟ್ಟ ಕೆಂಪು ಚೆಂಡು ಹೋದಾಗಲೂ ಅದನ್ನೇ ಹೇಳಿದ್ದೆ. ಅವಳು ಅಳಲಿಲ್ಲ, ಬೀರುವಿನ ಮುಂದೆ ತುಂಬ ಹೊತ್ತು ಕೂತಿದ್ದಳು.

ಹೀಗಿರುವಾಗ ಚಿಲಿಯ ಬಂದರಿನಿಂದ ತಂಗಿಯ ಫೋನು ಬಂತು. ಸರಕು ತುಂಬುವುದು ಮುಗಿಯುತ್ತಿದೆ, ಇನ್ನು ಹಡಗು ಮನೆಯ ಕಡೆಗೇ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಕಂಪನಿಯವರು ಇನ್ನೊಂದು ವರ್ಷದ ಕಾಗದ ಕೊಟ್ಟಿದಾರೆ ಅಕ್ಕ. ನಾನಿನ್ನೂ ಸಹಿ ಹಾಕಿಲ್ಲ. ಮನೆಗೆ ಬರೋಕೇ ಭಯ ಆಗುತ್ತೆ. ದೊಡ್ಡೋಳು ಬಿಡು, ಯಾರ ಹತ್ರ ಬೇಕಾದ್ರೂ ಮಾತಾಡ್ತಾಳೆ. ಚಿಕ್ಕೋಳಿಗೆ ನಾನು ಬೇಕಾ?"

"ಹಡಗಿನೋರಿಗೆಲ್ಲ ಬಡಿಸೋಳು ನೀನು, ಹತ್ತು ವರ್ಷದ ಮಗೂಗೆ ಹೆದರ್ತೀಯಾ? ಸುಮ್ನೆ ಬಾ," ಅಂದೆ.

ಹಡಗು ಚಿಲಿ ಬಿಟ್ಟಿತು. ಅಂಗುಸ್ತಾನ ಆಂಡಿಸ್ ಪಕ್ಕದಲ್ಲಿ ಮೇಲೇರಿ ಪನಾಮಾ ಕಾಲುವೆಗೆ ಬಂತು. ಅಲ್ಲಿ ಬಟ್ಟೆಯನ್ನು ಸೀಳಿ, ಸೀಳಿನ ಮೇಲೆ ಕುರ್ಚಿಯೊಂದನ್ನು ನಿಲ್ಲಿಸಿದ್ದೆವು. ಕುರ್ಚಿಯ ಕಾಲುಗಳ ನಡುವಿನ ದಾರಿಯೇ ಕಾಲುವೆ. ಹಡಗು ನೀರಿನ ಮೆಟ್ಟಿಲು ಹತ್ತಿ ಇಳಿಯುತ್ತದೆ ಎಂದು ತೋರಿಸಲು ಪುಸ್ತಕಗಳ ಮೇಲೆ ಬಟ್ಟಲುಗಳನ್ನಿಟ್ಟು ನೀರು ತುಂಬಿದೆವು. ಅಂಗುಸ್ತಾನ ತೇಲುತ್ತಾ ಒಂದೊಂದೇ ಬಟ್ಟಲಿನಲ್ಲಿ ಮೇಲಕ್ಕೆ ಬಂದಾಗ ಗುಮ್ಮಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನನಗೂ ಕಣ್ಣು ತುಂಬಿತು, ಏಕೆಂದು ಕೇಳಬೇಡಿ.

ಅಟ್ಲಾಂಟಿಕ್ ದಾಟಿದ ಮೇಲೆ ಒಂದು ದಿನ ನೋಡುತ್ತೇನೆ, ಅಂಗುಸ್ತಾನ ಮತ್ತೆ ಚಿಲಿಯಲ್ಲಿದೆ. ಗುಡಿಸುವಾಗ ಸರಿದಿರಬೇಕು ಎಂದುಕೊಂಡು ಇರಬೇಕಾದಲ್ಲಿ ಇಟ್ಟೆ. ಮರುದಿನ ಪುನಃ ಚಿಲಿ. ಪಟಪಟಿಯನ್ನು ಗದರಿದರೆ "ನಾನಲ್ಲಪ್ಪ" ಅಂದಳು. ಅಷ್ಟರಲ್ಲಿ ಭಾನುವಾರ ಬಂತು.

ತಂಗಿ ಆ ದಿನ ತುಂಬ ಗೆಲುವಾಗಿದ್ದಳು. ಫೋನಿನ ದನಿ ನನಗೂ ಕೇಳಿಸುತ್ತಿತ್ತು.

"ಇನ್ನೊಂದು ಬಂದರು, ಅಷ್ಟೇ. ಆಮೇಲೆ ಮನೆ. ನೋಡಮ್ಮ, ಈಗ ನನ್ನನ್ನ ಎಲ್ಲಿಟ್ಟಿದೀಯ?"

"ಚಿಲೀಲಿ," ಅಂದಳು ಗುಮ್ಮಿ.

"ಅದನ್ನ ಬಿಟ್ಟು ಎಷ್ಟು ದಿನ ಆಯ್ತು ಪುಟ್ಟ. ನಾನು ಹತ್ರ ಬಂದ್ಬಿಟ್ಟಿದೀನಿ."

"ಬೇಡ. ನೀನು ಅಲ್ಲೇ ಇರು. ಈ ಕಡೆ ಬರಬೇಡ."

ಗುಮ್ಮಿ ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು.

"ಕೇಳಿಸ್ಕೊಂಡ್ಯಾ ಅಕ್ಕ," ಎಂದಳು ತಂಗಿ. "ನಾಳೆ ಬಂದರು ಸೇರ್ತೀವಿ. ಕಾಗದ ಅಲ್ಲೇ ಕೊಡಬೇಕು. ಸಹಿ ಹಾಕ್ಬಿಡ್ತೀನಿ."

ನಾನು ಏನೋ ಹೇಳಲು ಹೋದೆ, ಫೋನು ಸತ್ತಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ವರ್ಷ ಉಪ್ಪುಗಾಳಿ ತಿಂದು ದುಡಿದವಳಿಗೆ ಹೀಗಾ ಹೇಳುವುದು ಎಂದು ಕೂಗಾಡಬೇಕು ಅನ್ನಿಸಿತು. ಆದರೆ ಗುಮ್ಮಿಯ ಮುಖ ನೋಡಿದರೆ ಬೈಯಲು ಮನಸ್ಸು ಬರುವುದಿಲ್ಲ. ಹೊಲಿಯಲು ಕೂತೆ. ಸೂಜಿ ಬೆರಳಿಗೆ ಇಳಿಯಿತು. ಬಟ್ಟೆ ಬಿಸಾಕಿ ಮಧ್ಯಾಹ್ನದ ಬಿಸಿಲಲ್ಲಿ ಸಮುದ್ರದ ಮೇಲೆ ಅಡ್ಡಾದೆ.

ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದರೆ ಮನೆ ಬೇರೆಯೇ ಆಗಿ ಕಾಣುತ್ತದೆ. ಮೇಜಿನ ಕಾಲುಗಳು ಮರಗಳಾಗುತ್ತವೆ, ಧೂಳು ಬಿಸಿಲಲ್ಲಿ ಹಾರುವ ಹಕ್ಕಿಗಳಾಗುತ್ತದೆ. ನೀಲಿ ಬಟ್ಟೆಯ ಆ ತುದಿಯಲ್ಲಿ ಬೀರು, ಅದರ ಕೆಳಗೆ ಉದ್ದಕ್ಕೂ ಕತ್ತಲೆ. ಕಣ್ಣು ಯಾವಾಗ ಮುಚ್ಚಿತೋ ತಿಳಿಯದು. ಹಡಗೊಂದು ಬರುತ್ತಿತ್ತು. ನನ್ನ ಅಂಗುಸ್ತಾನದಷ್ಟೇ ಇತ್ತು. ಅದರೊಳಗೆ ತಂಗಿ ಸೆರಗು ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಸಮುದ್ರ ಇಳಿಜಾರಾಗಿತ್ತು. ಹಡಗು ತೇಲುವುದನ್ನು ಬಿಟ್ಟು ಉರುಳತೊಡಗಿತು, ಗುಂಡಿಯ ಹಾಗೆ, ಕತ್ತಲೆಯ ಕಡೆಗೆ. ತಂಗಿ ತಲೆ ಎತ್ತಲೇ ಇಲ್ಲ. ನಾನು ಕೈ ಚಾಚಿದೆ, ಕೈ ಸಾಲಲಿಲ್ಲ.

ಎಚ್ಚರವಾದಾಗ ಗುಮ್ಮಿ ನನ್ನ ಪಕ್ಕದಲ್ಲೇ ಕೆನ್ನೆ ನೆಲಕ್ಕಿಟ್ಟು ಮಲಗಿದ್ದಳು. ಅವಳೂ ಅದೇ ಕತ್ತಲೆಯನ್ನು ನೋಡುತ್ತಿದ್ದಳು.

"ದೊಡ್ಡಮ್ಮ, ನಮ್ಮನೆ ಎಲ್ಲಿದೆ?"

"ಎಲ್ಲಿದೆ ಅಂದ್ರೆ? ಅದರೊಳಗೇ ಬಿದ್ದುಕೊಂಡಿದೀವಲ್ಲ."

"ಹಾಗಲ್ಲ. ಇದರಲ್ಲಿ." ಅವಳು ಬಟ್ಟೆಯನ್ನು ತಟ್ಟಿದಳು.

ತೋರಿಸಲು ಎದ್ದು ಕೂತೆ. ಕರಾವಳಿಯ ಉದ್ದಕ್ಕೂ ಬೆರಳು ಎಳೆಯುತ್ತಾ ಹೋದೆ. ಬೆರಳು ಹೋಗಿ ನಾನೇ ಹೊಲಿದ ಅಂಚಿಗೆ ತಾಗಿತು. ಅಲ್ಲಿಗೆ ಬಟ್ಟೆ ಮುಗಿದು ಬೀರು ಶುರುವಾಗಿತ್ತು.

"ನಾನು ಅಟ್ಲಾಸ್ ಇಟ್ಟುಕೊಂಡು ಎಣಿಸಿದೆ," ಅಂದಳು ಗುಮ್ಮಿ. "ನಮ್ಮೂರು ಬೀರು ಕೆಳಗಿದೆ."

"ಇದ್ರೆ ಇರಲಿ, ಅದಕ್ಕೇನೀಗ?"

"ಬೀರು ಕೆಳಗೆ ಹೋದದ್ದು ಹೋಯ್ತು ಅಂತ ನೀನೇ ಹೇಳ್ತೀಯಲ್ಲ. ಚಿಲೀಲಿ ಇದ್ರೆ ಅಮ್ಮ ಫೋನಾದ್ರೂ ಮಾಡ್ತಾಳೆ."

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಲೋಕದ ಮೂಲೆ ಮೂಲೆಗೂ ಬಟ್ಟೆ ಹಾಸಿದವಳು ನಮ್ಮ ಊರನ್ನೇ ಅಂಚಿನೊಳಗೆ ಮಡಚಿ ಹೊಲಿದಿದ್ದೆ. ಹತ್ತು ವರ್ಷದ ಹುಡುಗಿ ಅದನ್ನು ತಾನೇ ಕಂಡುಹಿಡಿದು, ಯಾರಿಗೂ ಹೇಳದೆ, ತನ್ನ ಅಮ್ಮನನ್ನು ದಿನಾ ಹಿಂದಕ್ಕೆ ಎತ್ತಿಡುತ್ತಿದ್ದಳು. ಅವಳನ್ನು ಎಳೆದು ತಬ್ಬಿಕೊಂಡೆ. ಅವಳ ಮೈ ಬಿಸಿಲಿಗೆ ಬೆಚ್ಚಗಿತ್ತು.

ಆಮೇಲೆ ಕೆಳಗಿನ ಮನೆಯ ಪೇಂಟರ್ ಬಾಗಿಲು ಬಡಿದೆ. ಅವರು ಭಾನುವಾರದ ನಿದ್ದೆಯಿಂದ ಎದ್ದು ಬಂದರು.

"ಬೀರು ಸರಿಸ್ಬೇಕಿತ್ತು."

"ನಾಳೆ ಬರ್ತೀನಿ ಬಿಡಿ."

"ನಾಳೆಗೆ ಆಗಲ್ಲ. ನನ್ನ ತಂಗಿ ಮನೆಗೆ ಬರ್ಬೇಕು."

"ಯಾಕೆ, ಬೀರು ಒಳಗಿಂದ ಬರ್ತಾರಾ?" ಎಂದರು ಅವರು. ಆದರೂ ಬಂದರು, ಒಳ್ಳೆಯ ಮನುಷ್ಯ.

ಬೀರುವನ್ನು ಪೂರ್ತಿ ಖಾಲಿ ಮಾಡಿದೆವು. ಒಂದೊಂದೇ ಕಾಲನ್ನು ಕೋಲಿನಿಂದ ಮೀಟಿ ಕೆಳಗೆ ಮಖಮಲ್ಲಿನ ತುಂಡು ತುರುಕಿದೆವು. ನಾನು ಮತ್ತು ಪೇಂಟರ್ ತಳ್ಳಿದೆವು, ಪಟಪಟಿ ದಾರಿ ಹೇಳಿದಳು. ಬೀರು ಒಮ್ಮೆ ನರಳಿ, ಆಮೇಲೆ ಇಷ್ಟು ಹೊತ್ತು ಯಾಕೆ ಕೇಳಲಿಲ್ಲ ಎಂಬಂತೆ ನುಣ್ಣಗೆ ಜಾರಿಕೊಂಡು ಹೋಯಿತು. ಅಂಟಾರ್ಕ್ಟಿಕಾದ ಮೇಲೆ ನಿಲ್ಲಿಸಿದೆವು. ಪೆಂಗ್ವಿನ್‌ಗಳು ಬಟ್ಟೆ ಇಟ್ಟುಕೊಳ್ಳಲಿ ಅಂದಳು ಪಟಪಟಿ.

ಬೀರು ಇದ್ದಲ್ಲಿ ನೆಲ ಸವೆಯದೆ ಹೊಸದರ ಹಾಗೇ ಇತ್ತು. ಧೂಳಿನ ನಡುವೆ ಎಲ್ಲವೂ ಇದ್ದವು. ಗುಂಡಿಗಳು, ಕೊಕ್ಕೆಗಳು, ಉರುಳೆಗಳು, ಪೇಂಟರ್ ಒಯ್ದಿರಬೇಕೆಂದು ನಾನು ಅನುಮಾನಪಟ್ಟಿದ್ದ ನನ್ನ ಚಿಕ್ಕ ಕತ್ತರಿ, ಕೆಂಪು ಚೆಂಡು. ಕತ್ತರಿಯನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗುಮ್ಮಿ ಚೆಂಡನ್ನು ಎತ್ತಿ ಊದಿದಳು.

"ಎಲ್ಲ ಇಲ್ಲೇ ಇದೆ," ಅಂದಳು.

"ಹೂಂ. ಎಲ್ಲಿಗೂ ಹೋಗಿರಲಿಲ್ಲ. ನಾನು ಸುಮ್ನೆ ಹಾಗೆ ಹೇಳ್ತಿದ್ದೆ."

ಅಂಚಿನ ಹೊಲಿಗೆ ಬಿಚ್ಚಿದೆ. ಮಡಿಕೆಯೊಳಗಿನ ಬಟ್ಟೆ ಬಿಸಿಲು ಕಾಣದ್ದರಿಂದ ಉಳಿದ ಖಂಡಕ್ಕಿಂತ ಗಾಢವಾಗಿತ್ತು. ಇಸ್ತ್ರಿ ಹಾಕಿದರೂ ಮಡಿಕೆಯ ಗೆರೆ ಹೋಗಲಿಲ್ಲ. ಗುಮ್ಮಿ ಅಟ್ಲಾಸ್ ನೋಡಿ ಚೌಕ ಎಣಿಸಿ, ಸಿಕ್ಕ ಗುಂಡಿಗಳಲ್ಲೇ ಒಂದು ಬಿಳಿಯದನ್ನು ಆರಿಸಿ ನಮ್ಮ ಊರಿನ ಜಾಗದಲ್ಲಿ ಹೊಲಿದಳು.

ಮರುದಿನ ತಂಗಿಗೆ ಫೋನು ಮಾಡುತ್ತಲೇ ಇದ್ದೆ. ಎತ್ತಿದಾಗ ಅವಳ ದನಿ ಬತ್ತಿಹೋಗಿತ್ತು.

"ಆಮೇಲೆ ಮಾತಾಡ್ತೀನಿ ಅಕ್ಕ. ಕಾಗದ ತಗೊಂಡು ಆಫೀಸಿಗೆ ಹೊರಟಿದೀನಿ."

ನಾನು ಫೋನನ್ನು ಗುಮ್ಮಿಯ ಕಿವಿಗೆ ಹಿಡಿದೆ.

"ಅಮ್ಮ, ಬೀರು ಸರಿಸಿದೀವಿ," ಅಂದಳು ಅವಳು. ಸ್ವಲ್ಪ ಯೋಚಿಸಿ, "ಈಗ ಬಾ. ಕಳೆದು ಹೋಗಲ್ಲ," ಎಂದು ಸೇರಿಸಿದಳು.

ಬೀರುವಿನ ಕಥೆಯನ್ನೆಲ್ಲ ನಾನು ತಂಗಿಗೆ ಬಿಡಿಸಿ ಹೇಳಿದೆ. ಆ ಕಡೆಯಿಂದ ಬಂದ ಸದ್ದನ್ನು ಮೊದಲು ನಗು ಅಂದುಕೊಂಡೆ. ನಗುವಾಗಿರಲಿಲ್ಲ. ಸಹಿ ಹಾಕುತ್ತಾಳೋ ಇಲ್ಲವೋ ಅವಳು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಗುಮ್ಮಿ ಮಾತ್ರ ಅಂಗುಸ್ತಾನವನ್ನು ಚಿಲಿಯಿಂದ ತಂದು ಕೊನೆಯ ಸಮುದ್ರದಲ್ಲಿ ಇಟ್ಟು, ದಿನಾ ಬೆಳಿಗ್ಗೆ ಒಂದು ಬೆರಳಿನಷ್ಟು ಮುಂದೆ ಸರಿಸುತ್ತಿದ್ದಳು. ಬಾಗಿಲನ್ನೇ ನೋಡುತ್ತಾ ಕೂರಬಾರದೆಂದು ನಾನು ಅದಕ್ಕೆ ಬೆನ್ನು ಮಾಡಿ ಹೊಲಿಯುವುದನ್ನು ರೂಢಿಸಿಕೊಂಡೆ.

ಒಂದು ಮಧ್ಯಾಹ್ನ, ಅಟ್ಲಾಂಟಿಕ್ ನೇರಳೆಯಾಗುವ ಹೊತ್ತಿಗೆ, ಬೆನ್ನ ಹಿಂದೆ ಚೀಲ ಇಳಿಸಿದ ಸದ್ದಾಯಿತು. ಅಡುಗೆ ಎಣ್ಣೆಯ ಮತ್ತು ಉಪ್ಪಿನ ವಾಸನೆ ಬಂತು. ಸೊರಗಿ, ಕಪ್ಪಾಗಿ, ನನ್ನ ತಂಗಿ ಹೊಸ್ತಿಲ ಮೇಲೆ ನಿಂತಿದ್ದಳು. ಒಳಗೆ ಕಾಲಿಡಲು ಅಳುಕುತ್ತಿದ್ದಳು.

ಗುಮ್ಮಿ ಎದ್ದು ಹತ್ತಿರ ಹೋಗಿ ನಿಂತು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಚಪ್ಪಲಿ ಬಿಡು," ಅಂದಳು. "ಅದು ಸಮುದ್ರ."

ತಂಗಿ ಚಪ್ಪಲಿ ಬಿಟ್ಟಳು. ಗುಮ್ಮಿ ಅವಳ ಕೈ ಹಿಡಿದು ಚಿಲಿಗೆ ಕರೆದುಕೊಂಡು ಹೋದಳು. ಹಡಗು ಬಂದ ದಾರಿಯಲ್ಲೇ ಅಮ್ಮನೂ ಬರಬೇಕು ಎಂಬುದು ಅವಳ ಲೆಕ್ಕ. ಆಂಡಿಸ್ ಪಕ್ಕದಲ್ಲಿ ಇಬ್ಬರೂ ನಿಧಾನವಾಗಿ ಮೇಲೆ ನಡೆದರು. ಯಾರೂ ಕೇಳುವ ಮೊದಲೇ ನನ್ನ ಕಾಲು ಪೆಡಲ್ ತುಳಿಯತೊಡಗಿತ್ತು, ಬಟ್ಟೆಯಿಲ್ಲದ ಸೂಜಿ ಏಳುತ್ತಾ ಬೀಳುತ್ತಾ ಇತ್ತು. ಕಾಲುವೆಯ ಬಳಿ ತಂಗಿ ಅನುಮಾನಿಸಲಿಲ್ಲ, ಮಂಡಿಯೂರಿ ಕುರ್ಚಿಯ ಕಾಲುಗಳ ನಡುವೆ ತೆವಳಿ ಆಚೆ ಬಂದಳು. ಅಟ್ಲಾಂಟಿಕ್ ದಾಟುವಾಗ ಗಾಳಿ ಬಂದು ಬಟ್ಟೆ ಉಬ್ಬಿತು. ಅವಳು ಅಭ್ಯಾಸಬಲದಿಂದ ಕಾಲು ಅಗಲಿಸಿ ನಿಂತಳು. ಮಡಿಕೆಯ ಗೆರೆಯ ಹತ್ತಿರ ಗುಮ್ಮಿ ಅಂಗುಸ್ತಾನವನ್ನು ಎತ್ತಿಕೊಂಡು, ಅಮ್ಮನನ್ನು ಗೆರೆ ದಾಟಿಸಿ, ಬಿಳಿ ಗುಂಡಿಯನ್ನು ತೋರಿಸಿದಳು.

ತಂಗಿ ಅಲ್ಲೇ ಕೂತಳು. ಗುಂಡಿಯ ಮೇಲೆ ಕೈಯಿಟ್ಟು ಪಕ್ಕಕ್ಕೆ ಒರಗಿದವಳು ಹಾಗೇ ಮಲಗಿದಳು. ಪಟಪಟಿ ಹೋಗಿ ಅವಳ ಬೆನ್ನಿಗೆ ಅಂಟಿಕೊಂಡಳು.

ಗುಮ್ಮಿ ಸಮುದ್ರ ದಾಟಿ ನನ್ನ ಹತ್ತಿರ ಬಂದಳು. ನನ್ನ ಕೈ ಹಿಡಿದು, ಸೂಜಿ ಚುಚ್ಚಿ ಒರಟಾದ ಬೆರಳನ್ನು ಹುಡುಕಿ, ಅಂಗುಸ್ತಾನ ತೊಡಿಸಿದಳು.

"ಇನ್ನು ನೀನೇ ಇಟ್ಕೋ ದೊಡ್ಡಮ್ಮ," ಅಂದಳು.

ನಾನು ಪೆಡಲ್ ತುಳಿಯುವುದನ್ನು ನಿಲ್ಲಿಸಿದೆ.